ಹತ್ತು ಅಂಕ

“ತಂದೆ?”

ಪ್ರವೇಶದ ಅರ್ಜಿ ತುಂಬುತ್ತ ಕಿಂಡಿಯ ಆಚೆಯಿಂದ ಪೆಂಕಾ ಎರಡನೆಯ ಸಲ ಕೇಳಿದಳು. ಶಾಲೆಯ ಗುಮಾಸ್ತೆ, ನಿವೃತ್ತಿಗೆ ಹತ್ತಿರವಾದವಳು.

“ಇಲ್ಲ,” ಎಂದಳು ಮಿಲ್ಕಾನಾ.

“ಇಲ್ಲ ಅಂದ್ರೆ ಹೇಗಮ್ಮ? ಬಿಟ್ಟುಹೋದ್ರಾ, ತೀರಿಕೊಂಡ್ರಾ? ಬಿಟ್ಟುಹೋದ್ರೆ ಏನೂ ಇಲ್ಲ. ತೀರಿಕೊಂಡ್ರೆ ಹತ್ತು ಅಂಕ.”

“ಹಾಗಾದ್ರೆ ಹತ್ತು.”

ಸಾಲಿನಲ್ಲಿ ಹಿಂದೆ ನಿಂತಿದ್ದ ಬೋಳುತಲೆಯವನು ನಕ್ಕ. “ನಮ್ಮನೇಲಿ ಎಲ್ಲರೂ ಗುಂಡುಕಲ್ಲಿನ ಹಾಗಿದೀವಿ, ಪೆಂಕಕ್ಕಾ. ಒಂದು ಅಂಕವೂ ಹುಟ್ಟಲ್ಲ.”

ಆಮೇಲೆ ಅವನಿಗೆ ಮಿಲ್ಕಾನಾಳ ಕಪ್ಪು ಅಂಗಿ ಕಂಡಿತು. ತನ್ನ ಬೂಟು ನೋಡಿಕೊಳ್ಳತೊಡಗಿದ.

ಊರುಗಳ ಪಟ್ಟಿ ಮಾಡಿದವನು ಯಾವೊರ್, ಅವಳ ಗಂಡ. ಡ್ಯಾನ್ಯೂಬ್ ದಂಡೆಯ ಅವರ ಊರಿನಲ್ಲಿ ಮಕ್ಕಳು ಕಡಿಮೆಯಾಗಿ ನಾಲ್ಕು ತರಗತಿಗಳಿಗೆ ಒಂದೇ ಕೋಣೆಯಾಗಿತ್ತು. ತಮ್ಮ ಇಬ್ಬರು ಹುಡುಗಿಯರು ಓದಬೇಕಾದರೆ ಊರು ಬಿಡಬೇಕು ಎಂದವನು ಅವನೇ. ಚೌಕಳಿ ಹಾಳೆಯ ಮೇಲೆ ಏಳು ಊರು ಬರೆದು, ಒಂದೊಂದರ ಮುಂದೆ ಶಾಲೆ, ಮಕ್ಕಳ ಸಂಖ್ಯೆ, ಪರೀಕ್ಷೆಯ ಫಲಿತಾಂಶ ಗುರುತು ಹಾಕಿದ್ದ. ಬೆಟ್ಟದ ಬುಡದ ಈ ಊರು ಎಲ್ಲದರಲ್ಲೂ ಮೊದಲು. ಆದರೆ ಇಲ್ಲಿ ಒಂದನೆಯ ತರಗತಿಗೆ ಸೇರಲು, ಮನೆಯ ಸ್ಥಿತಿಗತಿ ನೋಡಿ ಕೊಡುವ ಅಂಕ ಇಪ್ಪತ್ತಮೂರು ಬೇಕು. ಹೊರಗಿನಿಂದ ಬಂದವರಿಗೆ ಹದಿನೈದು ದಾಟುವುದಿಲ್ಲ. ಯಾವೊರ್ ಎರಡು ಸಲ ಕೂಡಿ ನೋಡಿ, ಅಡಿಪಟ್ಟಿ ಇಟ್ಟು ಈ ಊರಿನ ಮೇಲೆ ಗೆರೆ ಎಳೆದಿದ್ದ.

ಅವನು ಸತ್ತ ಎರಡನೆಯ ತಿಂಗಳು ಮಿಲ್ಕಾನಾ ಆ ಗೆರೆ ಅಳಿಸಿದಳು. ಪೆನ್ಸಿಲ್ ಗೆರೆ. ಸುಲಭವಾಗಿ ಹೋಯಿತು.

“ಮರಣ ಪ್ರಮಾಣಪತ್ರ ಕೊಡಿ.”

ಅವಳು ಚೀಲದಿಂದ ನೀಲಿ ಕಡತ ತೆಗೆದು ಕಿಂಡಿಯೊಳಗೆ ತಳ್ಳಿದಳು. ಪೆಂಕಾ ತೆರೆದು ಒಂದು ಹಾಳೆ ಹೊರಗೆಳೆದಳು.

ಕಡತ ಅದಲುಬದಲಾಗಿತ್ತು. ಒಳಗಿದ್ದದ್ದು ಶ್ರದ್ಧಾಂಜಲಿ ಹಾಳೆಗಳು: ಕಪ್ಪು ಅಂಚು, ಯಾವೊರ್‌ನ ಫೋಟೋ, ಕೆಳಗೆ ಮನೆಯವರ ಹೆಸರು. ನಾಳೆಗೆ ಅವನು ಸತ್ತು ಆರು ತಿಂಗಳು. ವಾಡಿಕೆಯಂತೆ ಹೊಸ ಮನೆಯ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ ಅಂಟಿಸಲು ಅತ್ತೆ ಅಚ್ಚು ಹಾಕಿಸಿ ಕೊಟ್ಟಿದ್ದರು. “ಮಕ್ಕಳಿರೋ ಕಡೆ ಅವನೂ ಇರ್ಲಿ.” ಅಲ್ಲಿ ಅವನನ್ನು ಬಲ್ಲವರೇ ಇಲ್ಲವೆಂದು ಮಿಲ್ಕಾನಾ ಹೇಳಿರಲಿಲ್ಲ.

“ಇದಕ್ಕೆ ಮೊಹರಿಲ್ವಲ್ಲಮ್ಮ.”

“ಅದು ಲಾರಿಯಲ್ಲಿದೆ, ಸಾಮಾನಿನ ಜೊತೆ. ನಾಳೆ ಬರುತ್ತೆ.”

“ಅರ್ಜಿ ಇವತ್ತು ಐದಕ್ಕೆ ಮುಗಿಯುತ್ತೆ.”

“ಸತ್ತಿರೋದು ನಿಜ. ಬೇಕಾದ್ರೆ ಕೇಳಿ.” ಯಾರನ್ನು ಕೇಳಬೇಕು ಎಂದು ಅವಳಿಗೇ ಹೊಳೆಯಲಿಲ್ಲ.

ಪೆಂಕಾ ಕನ್ನಡಕ ಒರೆಸಿಕೊಂಡಳು. “ಸದ್ಯಕ್ಕೆ ಇದನ್ನೇ ಅರ್ಜಿಗೆ ಲಗತ್ತಿಸ್ತೀನಿ. ಒಪ್ಪೋದು ಬಿಡೋದು ಹೆಡ್‌ಮಿಸ್ಟ್ರೆಸ್ ಅಮ್ಮನೋರಿಗೆ ಬಿಟ್ಟಿದ್ದು.” ಮತ್ತೆ ಫೋಟೋ ನೋಡಿದಳು. “ಲಕ್ಷಣವಾಗಿದ್ದ ಹುಡುಗ. ಇನ್ನೊಂದು ಹಾಳೆ ಇಟ್ಕೋತೀನಿ. ಊರಿಗೆ ಹೊಸಬರು ನೀವು, ಎಲ್ಲಿ ಅಂಟಿಸ್ತೀರಿ? ನಾನೇ ಹಾಕ್ತೀನಿ.”

ಬೇಡವೆನ್ನುವಷ್ಟರಲ್ಲಿ ಅವಳು ಬೀಗದ ಕೈ ಹಿಡಿದು ಹೊರಟಾಗಿತ್ತು. ಮಿಲ್ಕಾನಾ ಹಿಂದೆಯೇ ಹೊರಗೆ ಬಂದಳು.

ಅಂಗಳದ ಮೆಟ್ಟಿಲ ಮೇಲೆ ಏಳು ವರ್ಷದ ಎಲಿತ್ಸಾ, ತಂಗಿ ಬೋಯಾನಾಳ ಬಾಯಿಗೆ ಅಂಟಿದ್ದ ಬನ್ನಿನ ಎಳ್ಳು ಒರೆಸುತ್ತಿದ್ದಳು. ಬಸ್ಸಿನುದ್ದಕ್ಕೂ ಕೇಳಿದ್ದನ್ನೇ ಮತ್ತೆ ಕೇಳಿದಳು. “ನಮಗೆ ಸೀಟು ಸಿಗುತ್ತಾ?”

“ನೋಡೋಣ.”

ಗೋಡೆಯ ಮೇಲೆ ಗಾಜಿನ ಬೋರ್ಡು. ಅದರ ನೆತ್ತಿಯಲ್ಲಿ ದಪ್ಪಕ್ಷರ: ಒಂದನೆಯ ತರಗತಿಗೆ ಆಯ್ಕೆಯಾದವರು. ಪಟ್ಟಿ ಬರುವುದು ನಾಳಿದ್ದು. ಒಳಗೆ ಏನೂ ಇರಲಿಲ್ಲ. ಪೆಂಕಾ ಬೀಗ ತೆಗೆದು, ಹಾಳೆಯನ್ನು ಮೇಲ್ಗಡೆ ಚುಚ್ಚಿ, ಮತ್ತೆ ಬೀಗ ಹಾಕಿ ಒಳಗೆ ಹೋದಳು.

ಪಟ್ಟಿ ಬೇಗನೆ ಬಂತೆಂದುಕೊಂಡು ಬೆಂಚುಗಳ ಮೇಲಿದ್ದ ಜನ ಎದ್ದರು.

“ಬಂತಾ?”

“ಬಂತು, ಬಂತು. ಅವಳೇ ಹಾಕಿದ್ದು.”

“ತಳ್ಳಬೇಡ್ರೀ!”

ಎಲಿತ್ಸಾ ಅವರ ಕಾಲುಗಳ ನಡುವೆ ನುಸುಳಿ ನೋಡಿಕೊಂಡು ಓಡಿಬಂದಳು.

“ಅಮ್ಮಾ, ಅಪ್ಪಂಗೆ ಸಿಕ್ತು.”

ಮಿಲ್ಕಾನಾ ಗಡಿಯಾರ ನೋಡಿದಳು. ಐದಕ್ಕೆ ಇಪ್ಪತ್ತು ನಿಮಿಷವಿತ್ತು. ಹಾಳೆ ಓದಿ ನೋಡಿದವರು ಶಿಲುಬೆಯ ಗುರುತು ಮಾಡಿಕೊಂಡು ಒಬ್ಬೊಬ್ಬರಾಗಿ ಹಿಂದೆ ಸರಿದರು. ಕನ್ನಡಕ ಮರೆತು ಬಂದ ಅಜ್ಜನೊಬ್ಬ ಮಾತ್ರ ಉಳಿದ. ಅವನ ಬೆರಳು ಯಾವೊರ್‌ನ ಮುಖ ದಾಟಿ, ಕೆಳಗಿನ ಖಾಲಿ ಗಾಜಿನ ಮೇಲೆ, ಮುಂದಿನ ಹೆಸರು ಹುಡುಕುತ್ತ ಇಳಿಯುತ್ತಲೇ ಇತ್ತು.