ಇಂಗ್ವಾಲ್ಡನ ಪರದೆಯಲ್ಲಿಲ್ಲದ ಬಟನ್

ಕಿಟಕಿಯಾಚೆ ಕಡಲಹಕ್ಕಿಯೊಂದು ಯಾರದೋ ಬ್ರೆಡ್ಡಿನ ತುಂಡು ಕಚ್ಚಿಕೊಂಡು ಹಾರುತ್ತಿದೆ, ನನ್ನ ಕಾಫಿ ಆರಿದೆ, ಕಿವಿಯಲ್ಲಿ ಆ ಮುದುಕನ ಉಸಿರು — ಫೋನ್ ಇಡಬೇಡ ಕಣಮ್ಮ, ಮತ್ತೆ ಯಾರೂ ಎತ್ತಲ್ಲ — ಇಡುವುದಿಲ್ಲ ಇಂಗ್ವಾಲ್ಡ್, ಇಲ್ಲೇ ಇದ್ದೇನೆ, ಬೋಡೊ ಪಟ್ಟಣದ ದೋಣಿ ಕಚೇರಿಯಲ್ಲಿ, ವೆಬ್‌ಸೈಟ್ ಮಾಡುವವಳ ಕುರ್ಚಿಯಲ್ಲೇ. ಬುಕ್ ಮಾಡಿದವರಿದ್ದರೆ ಮಾತ್ರ ದೋಣಿ ಅವನ ದ್ವೀಪಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ದೂರದಲ್ಲೇ ಸಾಗಿಬಿಡುತ್ತದೆ, ನಿನ್ನೆ ಹಾಗೇ ಸಾಗಿತು, ದಡದಲ್ಲಿ ನಿಂತು ಟೋಪಿ ಬೀಸಿದನಂತೆ, ಇಲ್ಲಿ ಆಸ್ಪತ್ರೆಯಲ್ಲಿ ಅವನ ಹೆಂಡತಿ ಯೋರುನ್, ನಾಳೆ ಬೆಳಿಗ್ಗೆ ಅವಳಿಗೆ ಹೃದಯದ ಆಪರೇಷನ್. ಬುಕ್ ಮಾಡೋ ಬಟನ್ನೇ ಇಲ್ಲ ಕಣಮ್ಮ, ಬರೀ ಗುಡ್ಡದ ಚಿತ್ರ — ಹೊಸ ಪುಟದ ಗುಡ್ಡ, ಎಲ್ಲರೂ ಮೆಚ್ಚಿದ ಗುಡ್ಡ, ನನ್ನ ಪರದೆಯಲ್ಲಿ ಬಟನ್ ಅದರ ಕೆಳಗೆ ಅಚ್ಚುಕಟ್ಟಾಗಿ ಕೂತಿದೆ, ಅವನ ಹಳೆಯ ಬ್ರೌಸರ್‌ಗೆ ನನ್ನ ಹೊಸ ಕೋಡ್ ಸಾಲುಗಳು ತಿಳಿಯುವುದಿಲ್ಲ, ತಿಳಿಯದ್ದನ್ನು ಬಿಟ್ಟು ಮುಂದೆ ಹೋಗುತ್ತದೆ, ಬಟನ್ ಗುಡ್ಡದ ಹಿಂದೆ ಸೇರಿಕೊಳ್ಳುತ್ತದೆ. ನಾನೇ ಬುಕ್ ಮಾಡಿಬಿಡಲೇ ಎಂದೆ, ಬೇಡ, ಅವಳು ಹುಷಾರಾಗೋವರೆಗೂ ನಾನು ಓಡಾಡ್ಬೇಕು, ದಿನಾ ನಿನ್ನ ಬೇಡ್ಕೊಳ್ಳಲಾ, ಬಟನ್ ತೋರಿಸು. ಪಕ್ಕದ ಮೇಜಿನಿಂದ ಸಹೋದ್ಯೋಗಿ ಹೋವರ್, ಹೊಸ ಕಂಪ್ಯೂಟರ್ ತಗೊಳ್ಳೋಕೆ ಹೇಳು ಸಿಲ್ಯೆ, ಆ ಕಾಲದ ಬ್ರೌಸರ್ ಇಟ್ಕೊಂಡಿರೋನು ಅವನೊಬ್ಬನೇ — ಒಬ್ಬನೇ ಇರಲಿ, ದೋಣಿಯೂ ಒಬ್ಬನಿಗಾಗಿ ತಿರುಗುತ್ತದಲ್ಲ.

ಮೊದಲು ಎಲ್ಲ ಬ್ರೌಸರ್‌ಗೂ ತಿಳಿಯುವ ಸಾದಾ ಸಾಲು, ಚಿತ್ರದ ಕೆಳಗೆ ಬಟನ್, ಅಷ್ಟೇ, ಅಲಂಕಾರವೆಲ್ಲ ಆಮೇಲೆ, ಅದು ತಿಳಿಯುವ ಬ್ರೌಸರ್‌ಗಳಿಗೆ ಮಾತ್ರ — ಬೆರಳು ತಪ್ಪುತ್ತಿದೆ, ಅಳಿಸು, ಮತ್ತೆ ಬರೆ, ಮಧ್ಯಾಹ್ನದ ದೋಣಿ ಹೊರಡುವ ಹೊತ್ತಾಯಿತು — ಈಗ ತೆರೆದು ನೋಡಿ ಇಂಗ್ವಾಲ್ಡ್. ಉಸಿರು, ಬರೀ ಉಸಿರು. ಬಂತು, ಥೂ, ಎಷ್ಟು ಒರಟಾಗಿದೆ ಕಣಮ್ಮ, ನಮ್ಮ ಕುರಿದೊಡ್ಡಿ ಬಾಗಿಲಿದ್ದ ಹಾಗೆ — ಒತ್ತಿ ಮೊದಲು — ಒತ್ತಿದೆ. ನನ್ನ ಪರದೆಯಲ್ಲಿ ದೋಣಿಯ ದಾರಿ ಅವನ ದ್ವೀಪದ ಕಡೆಗೆ ಬಾಗುತ್ತದೆ, ಹೋವರ್ ಕುರ್ಚಿ ಎಳೆದುಕೊಂಡು ಬಂದು ಬಗ್ಗಿ ನೋಡುತ್ತಾನೆ. ಫೋನಿನಲ್ಲಿ ಇಂಗ್ವಾಲ್ಡ್, ಯೋರುನ್ ಕನ್ನಡಕ ಇಲ್ಲೇ ಬಿಟ್ಟು ಹೋಗಿದಾಳೆ, ಅದಿಲ್ದಿದ್ರೆ ಬಾಗಿಲಲ್ಲಿ ಯಾರು ನಿಂತಿದಾರೆ ಅಂತಾನೂ ಗೊತ್ತಾಗಲ್ಲ ಅವಳಿಗೆ, ಜೇಬಿಗೆ ಹಾಕ್ಕೊಂಡೆ, ಇಡ್ತೀನಮ್ಮ — ಫೋನ್ ಸುಮ್ಮನಾಯಿತು, ಹೋವರ್ ಈಗ ಏನೋ ಕೇಳುತ್ತಿದ್ದಾನೆ, ಕೇಳಲಿ, ನನಗೆ ಕಾಣುವುದು ಆಸ್ಪತ್ರೆಯ ಬಾಗಿಲು, ಒಂದು ಮಸುಕು ಆಕಾರ, ಹತ್ತಿರ ಬರುತ್ತದೆ, ದಪ್ಪ ಬೆರಳುಗಳು ಕನ್ನಡಕವನ್ನು ಅವಳ ಕಿವಿಯ ಹಿಂದೆ ಸಿಕ್ಕಿಸುತ್ತವೆ, ಕನ್ನಡಕ, ಬಿಳಿ ಕೂದಲು ಸರಿಸಿ ಕನ್ನಡಕ, ಕನ್ನಡಕ —