ವಿಜಯನ ಪಾಲು

ಯಾರದೋ ಗೃಹಪ್ರವೇಶದ ಆಮಂತ್ರಣದ ಕೊನೆಯ ಸಾಲಿಗೆ ಬರುವ ಹೊತ್ತಿಗೆ ತನುಜಾಳ ಕಾಫಿ ಆರಿಹೋಗಿತ್ತು. ಪ್ರೆಸ್ಸಿನವರು ಹೇಳಿದಂತೆ ಮನೆಯವರ ಹೆಸರುಗಳನ್ನು ದಪ್ಪಕ್ಷರ ಮಾಡಿ ಸೇವ್ ಮಾಡಿದಳು. ವಿದ್ಯಾನಗರದ ಈ ಮನೆಯಲ್ಲಿ ಕೂತು ಅವಳು ಮಾಡುವ ಕೊನೆಯ ಟೈಪಿಂಗ್ ಕೆಲಸ ಅದು. ಭಾನುವಾರ ಮಠದಲ್ಲಿ, ನಾಲ್ಕು ಜನ ನೆಂಟರ ಎದುರು, ಭದ್ರಾವತಿಯ ವೀರೇಂದ್ರನ ಜೊತೆ ಅವಳ ಎರಡನೇ ಮದುವೆ. ಮುಂದೆ ನಿಂತು ಅದನ್ನು ಮಾಡಿಸುತ್ತಿದ್ದವರು ಅವಳ ಅತ್ತೆ ದಾಕ್ಷಾಯಣಮ್ಮ. ಎರಡು ವರ್ಷದ ಹಿಂದೆ ಮಲವಗೊಪ್ಪದ ಹತ್ತಿರ ಬೈಕಿನಿಂದ ಬಿದ್ದು ತೀರಿಕೊಂಡ ವಿಜಯಕುಮಾರನ ತಾಯಿ.

ದಾಕ್ಷಾಯಣಮ್ಮ ಬಾಗಿಲ ಬಳಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು.

“ಮುಗೀತೇನೇ?”

“ಇದು ಮುಗೀತು ಅತ್ತೆ. ಇನ್ನು ಅದೊಂದು ಇದೆ.”

“ಅದನ್ನೂ ಮಾಡಿಬಿಡು ಮಾರಾಯ್ತಿ. ನಾಳೆ ಬೆಳಿಗ್ಗೆ ಲಗೇಜ್ ಆಟೋದವನು ಬಂದುಬಿಡ್ತಾನೆ.”

ಆ ಹಳೆಯ ಕಂಪ್ಯೂಟರಿನೊಳಗೆ ಎರಡು ಸಂಸಾರಗಳಿದ್ದವು. ವಿಂಡೋಸ್ ತನುಜಾಳದು. ಅದರಲ್ಲಿ ಅವಳು ಪ್ರೆಸ್ಸುಗಳಿಗೆ ಆಮಂತ್ರಣ, ಶಾಲೆಗಳಿಗೆ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದಳು. ವಿಂಡೋಸಿನಂಥದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ವಿಜಯನದು, ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಹಾಕಿಕೊಂಡಿದ್ದ. ಅವನ ಪ್ರಯೋಗವೊಂದರಲ್ಲಿ ಅವಳ ವಾರದ ಕೆಲಸವೆಲ್ಲ ಅಳಿಸಿಹೋಗಿ ದೊಡ್ಡ ಜಗಳವಾದಾಗ, “ಅಣ್ತಮ್ಮಂದಿರ ಹಾಗೆ ಪಾಲು ಮಾಡ್ಕೊಂಡುಬಿಡೋಣ ಬಾ. ನಿನ್ನ ಕಡೆ ನಾನು ಕಾಲಿಡಲ್ಲ, ನನ್ನ ಕಡೆ ನೀನು ಬರಬೇಡ” ಎಂದು ಒಂದಿಡೀ ಭಾನುವಾರ ಕೂತು ಡಿಸ್ಕನ್ನು ಎರಡು ಪಾಲು ಮಾಡಿದ್ದ. ಅಂದಿನಿಂದ, ಚಾಲೂ ಮಾಡಿದಾಗಲೆಲ್ಲ ಯಾವ ಕಡೆ ಹೋಗಬೇಕೆಂದು ಕಂಪ್ಯೂಟರ್ ಕೇಳುತ್ತಿತ್ತು. ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಹೆಸರು. ಮೇಲೆ ವಿಜಯ, ಕೆಳಗೆ ತನುಜಾ. ಏನೂ ಒತ್ತದೆ ಕೂತರೆ ತಾನಾಗಿ ಅವನ ಕಡೆಗೇ ಹೋಗುವ ಹಾಗೆ ಬೇಕೆಂದೇ ಇಟ್ಟಿದ್ದ. “ಯಜಮಾನ ಅಂದ್ಮೇಲೆ ಅಷ್ಟಾದ್ರೂ ಬೇಡ್ವೇನೇ?” ಎಂದು ಕಾಡಿಸುತ್ತಿದ್ದ.

ಅವನು ಹೋದ ಮೇಲೂ ಅದು ಕೇಳುವುದನ್ನು ಬಿಡಲಿಲ್ಲ. ಪ್ರತಿ ಬೆಳಿಗ್ಗೆ ಅವನ ಹೆಸರಿನ ಮೇಲಿರುವ ಬಿಳಿ ಪಟ್ಟಿಯನ್ನು ಬಾಣದ ಗುಂಡಿ ಒತ್ತಿ ತನ್ನ ಹೆಸರಿಗೆ ಇಳಿಸಬೇಕು. ಅವನನ್ನು ದಾಟಿಯೇ ದಿನದ ಕೆಲಸಕ್ಕೆ ಬರಬೇಕು. ಮೊದಮೊದಲು ಕೈ ಏಳುತ್ತಿರಲಿಲ್ಲ. ಕಂಪ್ಯೂಟರ್ ಅವನ ಕಡೆ ತೆರೆದುಕೊಂಡು, ಅವನ ಪಾಸ್‌ವರ್ಡಿಗಾಗಿ ಕಾಯುತ್ತ ನಿಂತುಬಿಡುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಅಭ್ಯಾಸವಾಗಿಹೋಯಿತಲ್ಲ ಎಂದೂ ಒಂದು ದಿನ ಅತ್ತಳು.

ಹಿಂದಿನ ವಾರ ವೀರೇಂದ್ರ ತನ್ನ ತಾಯಿಯನ್ನು ಕರೆದುಕೊಂಡು ಬಂದಿದ್ದ. ಭದ್ರಾವತಿಯ ನ್ಯೂಟೌನಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನು, ಹೆಂಡತಿಯನ್ನು ಕಳೆದುಕೊಂಡವನು, ಕಡಿಮೆ ಮಾತಿನವನು. “ಟೈಪಿಂಗ್ ಬಿಡಬೇಡಿ, ನಮ್ಮಲ್ಲಿ ಒಂದು ರೂಮು ಖಾಲಿನೇ ಇದೆ” ಎಂದು ಮೊದಲ ಸಲ ಬಂದಾಗಲೇ ಅಂದಿದ್ದ. ಆ ಮಾತಿಗೇ ಅವಳು ಒಪ್ಪಿದ್ದು. ಕಂಪ್ಯೂಟರ್ ತೋರಿಸಲೆಂದು ಅವಳು ಚಾಲೂ ಮಾಡಿದಾಗ, ಟೀಚರಾಗಿ ನಿವೃತ್ತರಾಗಿದ್ದ ಅವನ ತಾಯಿ ಈಶ್ವರಮ್ಮ ಕನ್ನಡಕ ಏರಿಸಿ ಪರದೆಯನ್ನು ಗಟ್ಟಿಯಾಗಿ ಓದಿದರು.

“ವಿಜಯ... ಅಯ್ಯ, ಈ ಡಬ್ಬದಲ್ಲಿ ಮೊದಲನೇ ಯಜಮಾನ್ರು ಇನ್ನೂ ಇದಾರಲ್ಲಮ್ಮ!”

ನಕ್ಕರು. ನೋಯಿಸಬೇಕೆಂದು ಆಡಿದ ಮಾತಲ್ಲ. ವೀರೇಂದ್ರ ಕಿಟಕಿಯ ಕಡೆ ನೋಡಿದ. ಅವರನ್ನು ಕಳಿಸಿ ಬಾಗಿಲು ಹಾಕಿದ ಮೇಲೆ ದಾಕ್ಷಾಯಣಮ್ಮನೇ ಹೇಳಿದರು.

“ತಗೊಂಡು ಹೋಗೋಕೆ ಮುಂಚೆ ಅವನ್ದನ್ನ ತೆಗೆದುಬಿಡು ತನು. ಬೆಳಗಾದ್ರೆ ಅವರ ಮನೇಲಿ ಅವನ ಹೆಸರು ಬರೋದು ಬೇಡ. ನೀನು ಬಾಳಬೇಕು.”

ಹೇಳಿದವರು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ತೊಳೆದಿಟ್ಟ ಪಾತ್ರೆಗಳನ್ನೇ ಬಹಳ ಹೊತ್ತು ತೊಳೆದರು.

ಈಗ ತನುಜಾ ಡಿಸ್ಕಿನ ಪಾಲುಗಳನ್ನು ತೋರಿಸುವ ಕಿಟಕಿಯನ್ನು ತೆರೆದಳು. ವಿಜಯನ ಗೆಳೆಯ ಅಭಯ ಭದ್ರಾವತಿಯ ಹಳೇ ಊರಿನಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ವಿಜಯನ ಫೋಟೋ, ಹಾಡು ಎಲ್ಲವನ್ನೂ ಅವನು ಎಂದೋ ಸಿ.ಡಿ.ಗೆ ಇಳಿಸಿಕೊಟ್ಟಿದ್ದ. ಕಳೆದುಕೊಳ್ಳುವಂಥದ್ದು ಅಲ್ಲೇನೂ ಉಳಿದಿಲ್ಲವೆಂದು ಅವಳು ತನಗೆ ತಾನೇ ಹೇಳಿಕೊಂಡಳು. ವಿಜಯನ ಪಾಲಿನ ಮೇಲೆ ಮೌಸ್ ಇಟ್ಟು ಡಿಲೀಟ್ ಒತ್ತಿದಳು. ಖಂಡಿತವೇ ಎಂದು ಕೇಳಿತು. ಹೌದೆಂದಳು. ಒಂದು ಉಸಿರು ಬಿಡುವಷ್ಟರಲ್ಲಿ ಆಗಿಹೋಯಿತು. ಅಷ್ಟು ಬೇಗ ಆಗಬಾರದಿತ್ತು ಅನ್ನಿಸಿತು.

ಕಂಪ್ಯೂಟರನ್ನು ಆರಿಸಿ ಮತ್ತೆ ಚಾಲೂ ಮಾಡಿದಳು. ಹೆಸರುಗಳು ಬರಲಿಲ್ಲ. ವಿಂಡೋಸೂ ಬರಲಿಲ್ಲ. ಕಪ್ಪು ಪರದೆಯ ಮೂಲೆಯಲ್ಲಿ ‘ಎರರ್’ ಎಂಬ ಒಂದು ಸಾಲು ಬಂದು ಅಲ್ಲೇ ನಿಂತಿತು. ಮತ್ತೊಮ್ಮೆ ಆರಿಸಿ ಹಚ್ಚಿದರೂ ಅದೇ ಸಾಲು.

“ಏನಾಯ್ತೇ?” ದಾಕ್ಷಾಯಣಮ್ಮ ಮೊರ ಇಟ್ಟು ಎದ್ದು ಬಂದರು.

“ಅವರದ್ದು ತೆಗೆದೆ ಅತ್ತೆ. ನನ್ನದೂ ಬರ್ತಿಲ್ಲ.”

ಅತ್ತೆ ಅವಳ ಕುರ್ಚಿಯ ಬೆನ್ನು ಹಿಡಿದು ನಿಂತರು. ಕೆಟ್ಟೇಹೋಗಲಿ, ಆಗ ಇದನ್ನು ಎಲ್ಲಿಗೂ ಒಯ್ಯುವುದು ಬೇಡ ಎಂಬ ಆಸೆಯೊಂದು ತನುಜಾಳ ಮನಸ್ಸಿನಲ್ಲಿ ಸುಳಿದು, ಅವಳಿಗೇ ಹೆದರಿಕೆಯಾಯಿತು. ಇದು ಕೆಟ್ಟರೆ ಅವಳ ಕೆಲಸವೂ ಕೆಟ್ಟಿತು. ಆ ಮನೆಗೆ ಬರಿಗೈಯಲ್ಲಿ ಹೋಗಬೇಕು. ಅಭಯನಿಗೆ ಫೋನ್ ಮಾಡಿದಳು.

“ಅಯ್ಯೋ ಅತ್ತಿಗೆ, ಒಂದು ಮಾತು ಕೇಳೋದಲ್ವಾ! ಬಾಗಿಲು ಇದ್ದಿದ್ದೇ ಅವನ ಕಡೆ. ಯಾವ ಕಡೆ ಹೋಗ್ತೀರ ಅಂತ ಕೇಳ್ತಿತ್ತಲ್ಲ, ಅದು ಅವನ ಪಾಲಿನಲ್ಲೇ ಕೂತಿತ್ತು. ನಿಮ್ಮದೇನೂ ಹೋಗಿಲ್ಲ, ಒಳಗೆ ಹಾಗೇ ಇದೆ. ಬಾಗಿಲು ಈ ಕಡೆಗೆ ಇಟ್ಕೊಂಡ್ರೆ ಆಯ್ತು. ವಿಂಡೋಸ್ ಸಿ.ಡಿ. ಇದೆಯಾ?”

ಸಿ.ಡಿ. ಇತ್ತು. ಅಭಯ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳುತ್ತ ಹೋದ, ಅವಳು ಕಿವಿಗೂ ಭುಜಕ್ಕೂ ನಡುವೆ ರಿಸೀವರ್ ಸಿಕ್ಕಿಸಿಕೊಂಡು ಒತ್ತುತ್ತ ಹೋದಳು. ಕೊನೆಗೆ, ಹೀಗೆ ಮಾಡಿದರೆ ಇರುವುದೆಲ್ಲ ಕೈತಪ್ಪಬಹುದು, ಆದರೂ ಮಾಡುವುದೇ ಎಂದು ಪರದೆ ಕೇಳಿತು.

“ಅಭಯ, ಹೆದರಿಸ್ತಿದೆ ಇದು.”

“ಅದು ಎಲ್ಲರನ್ನೂ ಹೆದರಿಸುತ್ತೆ ಅತ್ತಿಗೆ. ಒತ್ತಿ.”

ಒತ್ತಿದಳು. ಸಿ.ಡಿ. ತೆಗೆದು ಮತ್ತೆ ಚಾಲೂ ಮಾಡಿದಾಗ ಅವಳ ಬೆರಳು ರೂಢಿಯಂತೆ ಬಾಣದ ಗುಂಡಿಯ ಮೇಲೆ ಹೋಗಿ ಕೂತಿತು. ಒತ್ತುವ ಪ್ರಸಂಗವೇ ಬರಲಿಲ್ಲ. ಕಂಪ್ಯೂಟರ್ ಏನನ್ನೂ ಕೇಳದೆ ನೇರವಾಗಿ ಅವಳ ಕಡೆಗೆ ಬಂತು.

“ಬಂತಾ? ಇನ್ನೊಂದೇ ಕೆಲಸ,” ಅಂದ ಅಭಯ. “ಆ ಖಾಲಿ ಜಾಗ ಇದೆಯಲ್ಲ, ಅದನ್ನ ಫಾರ್ಮ್ಯಾಟ್ ಮಾಡಿ ‘ಇ’ ಅನ್ನೋ ಅಕ್ಷರ ಕೊಡಿ, ಹೊಸದೇನಾದ್ರೂ ಇಟ್ಕೊಳ್ಳೋಕೆ ಬರುತ್ತೆ. ಹಾಗೇ ಬಿಟ್ರೆ ಅಲ್ಲೊಂದು ಜಾಗ ಇದೆ ಅಂತ ಯಾರಿಗೂ ಕಾಣೋದೇ ಇಲ್ಲ. ಸುಮ್ನೆ ವೇಸ್ಟು.”

“ಸರಿ ಅಭಯ. ಮಾಡ್ತೀನಿ.”

ರಿಸೀವರ್ ಇಟ್ಟಳು. ದಾಕ್ಷಾಯಣಮ್ಮ ಪರದೆಯನ್ನು ಒಂದು ಕ್ಷಣ ದಿಟ್ಟಿಸಿದರು. “ಹೋಯ್ತಾ ಪೂರ್ತಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೊರ ಎತ್ತಿಕೊಂಡು ಒಳಗೆ ಹೋದರು.

ತನುಜಾ ಪರದೆಯ ಮೇಲೆ ಪಾಲುಗಳ ಕಿಟಕಿಯನ್ನು ಮತ್ತೆ ತೆರೆದಳು. ಅವಳ ಪಾಲಿಗೆ ನೀಲಿ ಅಂಚು. ಪಕ್ಕದಲ್ಲಿ, ಹೆಚ್ಚುಕಡಿಮೆ ಅಷ್ಟೇ ಅಗಲದ, ಕಪ್ಪು ಅಂಚಿನ ಖಾಲಿ ಪಟ್ಟಿ. ಹೆಸರಿಲ್ಲ, ಒಳಗೇನೂ ಇಲ್ಲ. ಅಲ್ಲಿ ಹೊಸ ಪಾಲು ಮಾಡುವ ಗುಂಡಿ ಒತ್ತಿದಳು. ಯಾವ ಅಕ್ಷರ ಕೊಡಲಿ ಎಂದು ಕೇಳಿತು. ವೀರೇಂದ್ರ ಒಳ್ಳೆಯವನು. ನಾಳೆ ಅಂಗಡಿಯ ಲೆಕ್ಕವನ್ನೋ ಫೋಟೋಗಳನ್ನೋ ಇಲ್ಲಿ ಇಟ್ಟುಕೊಳ್ಳಲಾ ಎಂದು ಕೇಳಿದರೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಕೇಳುವುದಕ್ಕೆ ಜಾಗವೇ ಕಾಣದಿದ್ದರೆ, ಇಲ್ಲವೆನ್ನುವ ಮಾತೂ ಬೇಕಿಲ್ಲ.

“ಆಯ್ತೇನೇ ತನು?” ಅಡುಗೆಮನೆಯಿಂದ ದನಿ ಬಂತು.

ಅವಳು ಕ್ಯಾನ್ಸಲ್ ಒತ್ತಿದಳು. ಖಾಲಿ ಪಟ್ಟಿ ಹಾಗೇ ಉಳಿಯಿತು. ತನ್ನ ಕಡೆ ತುಂಬಿಬಂದರೆ ಹಳೆಯ ಆಮಂತ್ರಣಗಳನ್ನು ಅಳಿಸಿದರಾಯಿತು. ಹಳೇ ಯಂತ್ರ, ಇಷ್ಟೇ ಹಿಡಿಸುವುದು ಎಂದರೆ ಯಾರೂ ಎರಡನೇ ಮಾತು ಕೇಳುವುದಿಲ್ಲ.

“ಆಯ್ತು ಅತ್ತೆ,” ಅಂದಳು. ಕಂಪ್ಯೂಟರ್ ಆರಿಸಿ, ಮೇಜಿನ ಹಿಂದಕ್ಕೆ ಬಗ್ಗಿ, ಒಂದೊಂದೇ ವೈರು ಬಿಚ್ಚತೊಡಗಿದಳು.