ಮನೆಗಿಂತ ಮೊದಲು ಬಾಗಿಲು

“ಹತ್ತು ವರ್ಷ ತುಂಬಿದ ದಿನ ಈ ಬಾಗಿಲು ನಿಲ್ಲಿಸ್ತೀನಿ, ಒಳಗಿಂದ ಚಿಲಕ ಹಾಕ್ತೀನಿ. ಆಮೇಲೆ ಮಹಾರಾಜರೇ ಬಂದು ತಟ್ಟಿದ್ರೂ ತೆಗೆಯೋಲ್ಲ.”

ಜಸಿಂತೊ ಫ್ರೇಟಸನ ಈ ಪ್ರತಿಜ್ಞೆಯನ್ನು ಕೇಳದ ಕಿವಿ ಜೆರ್ಸಿ ದ್ವೀಪದಲ್ಲಿರಲಿಲ್ಲ. ಕೇಳಿ ಕೇಳಿ ನಮ್ಮ ಹಸುಗಳು ಅದನ್ನೇ ಮೆಲುಕು ಹಾಕುತ್ತಿದ್ದವು. ಮಡೀರಾ ದ್ವೀಪದಿಂದ ಆಲೂಗಡ್ಡೆ ನೆಡಲು ಬಂದ ಈ ಗಿಡ್ಡ ಮನುಷ್ಯ, ಕಡಲಿಗೆ ಬಾಗಿದ ಇಳಿಜಾರು ಹೊಲಗಳಲ್ಲಿ ದುಡಿದು ದುಡಿದು, ಸಮತಟ್ಟಾದ ರಸ್ತೆಯಲ್ಲೂ ಬಲಕ್ಕೆ ವಾಲಿಯೇ ನಡೆಯುತ್ತಿದ್ದ. ಮೈಮೇಲೆ ತೀರಿಹೋದ ಹಡಗಿನ ಕಪ್ತಾನನೊಬ್ಬನ ನೀಲಿ ಕೋಟು. ಅದರ ಅಂಚು ನೆಲ ಗುಡಿಸುತ್ತಿದ್ದುದರಿಂದ ಅವನು ಹಾಯ್ದ ಬೀದಿಗಳಿಗೆ ಬೇರೆ ಕಸಗುಡಿಸುವವರು ಬೇಕಿರಲಿಲ್ಲ. ಎದುರಾದವರನ್ನೆಲ್ಲ, ಬೀದಿನಾಯಿಯನ್ನೂ ಸೇರಿಸಿ, “ಮನೆಯೋರೇ” ಎಂದೇ ಕರೆಯುತ್ತಿದ್ದ. ಮನೆಯಿಲ್ಲದವನ ಬಾಯಲ್ಲಿ ಆ ಮಾತು ಗೌರವವೋ ಚುಚ್ಚುಮಾತೋ ನಮಗೆ ಕೊನೆಗೂ ತಿಳಿಯಲಿಲ್ಲ.

ನಮ್ಮದು ಪುಟ್ಟ ದ್ವೀಪ, ನಿಯಮ ಮಾತ್ರ ಖಂಡದಷ್ಟು ದೊಡ್ಡದು. ಹೊರಗಿನಿಂದ ದುಡಿಯಲು ಬಂದವನು ಹತ್ತು ವರ್ಷ ಎಡೆಬಿಡದೆ ಇಲ್ಲೇ ನೆಲೆಸುವವರೆಗೆ ಮನೆ ಕೊಳ್ಳುವಂತಿಲ್ಲ, ನಮ್ಮಂತೆ ಮನೆ ಬಾಡಿಗೆಗೆ ಹಿಡಿಯುವಂತಿಲ್ಲ. ವಸತಿಗೃಹದ ಕೋಣೆಯೇ ಗತಿ. ಜಸಿಂತೊ ಮತ್ತು ಅವನ ಹೆಂಡತಿ ಫಿಲೊಮೆನಾ ಇದ್ದದ್ದು ವಿಧವೆ ವೊಟಿಯೆಯಮ್ಮನ ವಸತಿಗೃಹದಲ್ಲಿ. ಕೋಣೆಯಲ್ಲಿ ಒಲೆ ಹಚ್ಚಬಾರದು, ಗೋಡೆಗೆ ಮೊಳೆ ಹೊಡೆಯಬಾರದು, ಅತಿಥಿಗಳು ಬರಬಾರದು ಎಂಬುದು ಆಕೆಯ ತ್ರಿಸೂತ್ರ. ಮಂಚದ ಅಂಚಿನಲ್ಲಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವಾಗಲೆಲ್ಲ ಫಿಲೊಮೆನಾಳಿಗೆ ಒಂದೇ ಹಂಬಲ: ತನ್ನ ಮನೆಯಲ್ಲಿ ನಾಲ್ಕು ಜನಕ್ಕೆ ಬಡಿಸಬೇಕು. ಜಸಿಂತೊನ ಹಂಬಲ ಬೇರೆ. ಒಬ್ಬನೂ ಒಳಗೆ ಬರಬಾರದು.

ಹಳೆಯ ಪ್ರಾರ್ಥನಾಮಂದಿರವೊಂದನ್ನು ಕೆಡವುವ ಕೆಲಸಕ್ಕೆ ಹೋದವನು ಅದರ ಓಕ್ ಮರದ ಬಾಗಿಲನ್ನು ಕೂಲಿಯಾಗಿ ಪಡೆದು ಹೆಗಲ ಮೇಲೆ ಹೊತ್ತು ತಂದ. ನಮ್ಮಲ್ಲಿ ಕೋಸುಗಿಡ ಆಳೆತ್ತರ ಮೀರಿ ಬೆಳೆದು, ಅದರ ಕಾಂಡವೇ ಊರುಗೋಲಾಗುತ್ತದೆ. ಅಂಥ ಊರಿನವನಾದ ನನ್ನ ಮಾತೆಂದು ನೀವು ಅರ್ಧ ಕಳೆದು ನಂಬಿದರೂ, ಆ ಬಾಗಿಲು ಆನೆ ತಲೆಯೆತ್ತಿ ಹಾಯುವಷ್ಟಿತ್ತು. ಅದು ಗೋಡೆಗೊರಗಿದ ಮೇಲೆ ದಂಪತಿಗಳು ಕೋಣೆಯೊಳಗೆ ಏಡಿಗಳಂತೆ ಅಡ್ಡಡ್ಡ ನಡೆಯತೊಡಗಿದರು.

“ಏನಪ್ಪಾ, ಮುಂದಿನ ವಾರ ಚಿಮಣೀನೂ ತರ್ತೀಯಾ?” ಎಂದಳು ವೊಟಿಯೆಯಮ್ಮ.

“ಕಾನೂನು ಓದ್ಸಿ ಕೇಳಿದೀನಿ ಮನೆಯೋರೇ. ಮನೆ ಇಟ್ಕೋಬಾರ್ದು ಅಂತಿದೆ. ಬಾಗಿಲಿನ ಸುದ್ದೀನೇ ಇಲ್ಲ.”

ಎಂಟನೆಯ ವರ್ಷ ಅವನ ಮುದಿ ಯಜಮಾನ ಬೇಸಾಯ ಬಿಟ್ಟ. ಹತ್ತು ವರ್ಷ ತುಂಬದವರನ್ನು ಕೆಲಸಕ್ಕಿಟ್ಟುಕೊಳ್ಳಲು ಯಜಮಾನನಿಗೂ ಪರವಾನಗಿ ಬೇಕು. ಅದಿದ್ದವರಲ್ಲಿ ಕೆಲಸ ಖಾಲಿಯಿರಲಿಲ್ಲ. ಕೆಲಸವಿಲ್ಲದೆ ದ್ವೀಪ ಬಿಟ್ಟರೆ, ಮರಳಿ ಬಂದಾಗ ಎಣಿಕೆ ಮತ್ತೆ ಒಂದರಿಂದ. ಆಗ ಆಲ್ಡರ್ಟನ್ ಸಾಹೇಬರು ಹೇಳಿ ಕಳುಹಿಸಿದರು. ಅವರೂ ಹೊರಗಿನವರೇ, ಆದರೆ ಕಟ್ಟುವ ತೆರಿಗೆಯ ತೂಕಕ್ಕೆ, ಹಡಗಿನಿಂದ ಇಳಿದ ದಿನವೇ ಅರಮನೆಯಂಥ ಮನೆ ಪಡೆದವರು. ಅವರಲ್ಲಿ ತೋಟಗಾರನ ಕೆಲಸವಿತ್ತು, ಪರವಾನಗಿಯಿತ್ತು. ದ್ರಾಕ್ಷಾರಸದ ನೆಲಮಾಳಿಗೆಗೆ ತಕ್ಕ ಹಳೆಯ ಬಾಗಿಲೊಂದು ಮಾತ್ರ ಇರಲಿಲ್ಲ. ಬಾಗಿಲು ಕೊಟ್ಟರೆ ಕೆಲಸ ಎಂದರು.

“ಒಂದು ಹಲಗೆಗೋಸ್ಕರ ಮತ್ತೆ ಒಂದರಿಂದ ಎಣಿಸೋಕೆ ನನ್ನ ಕೈಲಾಗಲ್ಲ,” ಎಂದಳು ಫಿಲೊಮೆನಾ.

ಜಸಿಂತೊ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ಸಾಹೇಬರ ಮುಂದೆ ವಾಲಿ ನಿಂತ.

“ಮಾರೋಲ್ಲ ಮನೆಯೋರೇ. ಬೇಕಾದ್ರೆ ಬಾಡಿಗೆಗೆ ಕೊಡ್ತೀನಿ.”

ಬಾಡಿಗೆಯೆಂದರೆ ಆ ಕೆಲಸವೇ. ಅವಧಿ, ತನ್ನ ಹತ್ತು ವರ್ಷ ತುಂಬುವವರೆಗೆ. ಬಾಗಿಲಿಗೆ ಮೊಳೆ ಹೊಡೆಯಬಾರದು, ಅದರ ಬಳಿ ಒಲೆ ಹಚ್ಚಬಾರದು, ಅತಿಥಿಗಳಿಗೆ ಅದನ್ನು ತೆರೆಯಬಾರದು ಎಂಬ ಷರತ್ತುಗಳನ್ನೂ ಹಾಕಿದ. ಆಲ್ಡರ್ಟನ್ ನಕ್ಕ ರಭಸಕ್ಕೆ ಏರುತ್ತಿದ್ದ ಉಬ್ಬರ ಫ್ರಾನ್ಸಿನ ಕಡೆಗೆ ತಿರುಗಿತಂತೆ, ಅಂತೂ ಒಪ್ಪಿದರು. ಹೀಗೆ ಬಾಡಿಗೆ ಮನೆ ಹಿಡಿಯುವ ಹಕ್ಕೂ ಇಲ್ಲದವನು ದ್ವೀಪದ ಮಹಾಶ್ರೀಮಂತನಿಗೆ ಮಾಲೀಕನಾದ. ಪ್ರತಿ ಶನಿವಾರ ಗುದ್ದಲಿ ಬದಿಗಿಟ್ಟು, ಕೈತೊಳೆದು, ಸಾಕ್ಷಾತ್ ವೊಟಿಯೆಯಮ್ಮನಂತೆ ಬಾಗಿಲ ಮೇಲೆ ಬೆರಳೆಳೆದು ಧೂಳು ನೋಡಿ “ಹ್ಞೂಂ” ಎನ್ನುತ್ತಿದ್ದ. ಸಾಹೇಬರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು.

ಹತ್ತು ತುಂಬಿತು. ಸೇಂಟ್ ಹೆಲಿಯರ್ ಪಟ್ಟಣದಲ್ಲಿ ಎರಡು ಕೋಣೆಯ ಮನೆ ಹಿಡಿದು, ಸಾಹೇಬರಿಗೆ ನೋಟಿಸು ಕೊಟ್ಟು, ಬಾಗಿಲನ್ನು ಹೊತ್ತು ತಂದ. ಆ ಮನೆಯ ಬಾಗಿಲ ಕಂಡಿ ಇವನ ಬಾಗಿಲಿನ ಅರ್ಧದಷ್ಟೂ ಇರಲಿಲ್ಲ. ಇಷ್ಟು ವರ್ಷ ಬಾಗಿಲು ಕಾದವನು ಅದನ್ನು ಒಮ್ಮೆಯೂ ಅಳೆದಿರಲಿಲ್ಲ. ಕಿಟಕಿಯ ಚೌಕಟ್ಟನ್ನೇ ಕಳಚಿ, ಹಗ್ಗ ಕಟ್ಟಿ ಒಳಗೆಳೆದುಕೊಂಡ ಮೇಲೆ ಜಸಿಂತೊ ಮೊದಲ ಬಾರಿಗೆ ವಾಲದೆ ನೆಟ್ಟಗೆ ನಿಂತ. ಫಿಲೊಮೆನಾ ನಾಲ್ಕು ಪೀಪಾಯಿ ಉರುಳಿಸಿ ತಂದಳು. “ಮಲಗಿಸಿ ಅದನ್ನ,” ಎಂದಳು.

ಇಂದಿಗೂ ಭಾನುವಾರ ಊಟದ ಮೇಜಾದ ಆ ಬಾಗಿಲ ಸುತ್ತ ವಸತಿಗೃಹದ ಹೊಸಬರೆಲ್ಲ ಮೊಣಕೈಗೆ ಮೊಣಕೈ ತಾಗಿಸಿ ಕೂರುತ್ತಾರೆ. ಗೆಣಸು ಬೆರೆಸಿದ ಮಡೀರಾದ ರೊಟ್ಟಿ, ಬೆಳ್ಳುಳ್ಳಿ ಬೆಣ್ಣೆ, ಸಾಹೇಬರು ತರುವ ಶೀಶೆ. ತಮ್ಮನ್ನು ಹೊಸ್ತಿಲಾಚೆ ನಿಲ್ಲಿಸಿದವರ ಮೇಲೆ ಹಗೆ ಸಾಧಿಸದೆ, ಹೊಸ್ತಿಲನ್ನೇ ಹೆಗಲ ಮೇಲೆ ಹೊತ್ತು ತಿರುಗುವ ಒಂದು ಜಾತಿಯ ಜನರಿದ್ದಾರೆ. ನೆಲ ನಮ್ಮದೆಂದು ನಾವು ಬೀಗುತ್ತೇವೆ. ಆ ನೆಲ ನಾಲ್ಕು ಜನ ಕೂತು ಉಣ್ಣುವ ಊರಾಗುವುದು ಮಾತ್ರ ಇಂಥವರಿಂದ.

ಮೊನ್ನೆ ವೊಟಿಯೆಯಮ್ಮ ಮೂರನೆಯ ರೊಟ್ಟಿಗೆ ಕೈಹಾಕುತ್ತ ಕೆಣಕಿದಳು: “ಎಲ್ಲಪ್ಪಾ ನಿನ್ನ ಚಿಲಕ? ಮಹಾರಾಜ ಬಂದ್ರೂ ತೆಗೆಯೋಲ್ಲ ಅಂತಿದ್ದೆ?”

“ಹಾಕಿದೀನಲ್ಲ ಮನೆಯೋರೇ,” ಎಂದ ಜಸಿಂತೊ, ಆಕೆಯ ತಟ್ಟೆಗೆ ನಾಲ್ಕನೆಯದನ್ನು ಬಡಿಸುತ್ತ. “ತಟ್ಟೆ ಖಾಲಿಯಾಗೋವರೆಗೂ ಯಾರೂ ಆಚೆ ಹೋಗೋ ಹಾಗಿಲ್ಲ.”